ಇಂಗ್ಲಿಷ್ ಕಾಗದಪತ್ರಗಳ ಸಣ್ಣ ಪದಗಳು: ಗ್ರಾಮ ಪಂಚಾಯಿತಿ ಸದಸ್ಯರಿಗೆ ಒಂದು ಅಧ್ಯಯನ ಪಾಠ

1. ಪೀಠಿಕೆ

ಗ್ರಾಮ ಪಂಚಾಯಿತಿಯ ಅವಧಿ ಐದು ವರ್ಷ ಎಂಬುದು ಸದಸ್ಯರೆಲ್ಲರಿಗೂ ತಿಳಿದ ಸಂಗತಿ. ಆದರೆ ಆ ಐದು ವರ್ಷಗಳನ್ನು ಯಾವ ದಿನದಿಂದ ಎಣಿಸಬೇಕು? ರಾಜ್ಯದಲ್ಲಿ 2020ರ ಡಿಸೆಂಬರ್ 22 ಮತ್ತು 27ರಂದು ಎರಡು ಹಂತಗಳಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆದು, 30ರಂದು ಮತ ಎಣಿಕೆ ಆಯಿತು. ಅಂದು ರಚನೆಯಾದ ಪಂಚಾಯಿತಿಗಳ ಅವಧಿಯನ್ನು ಮತದಾನದ ದಿನದಿಂದ ಎಣಿಸುವಂತಿರಲಿಲ್ಲ. ಫಲಿತಾಂಶದ ದಿನದಿಂದಲೂ ಎಣಿಸುವಂತಿರಲಿಲ್ಲ. ಸಂವಿಧಾನದ 243ಇ ಅನುಚ್ಛೇದದ ಪ್ರಕಾರ, ಪಂಚಾಯಿತಿಯ ಮೊದಲ ಸಭೆಗೆ ಗೊತ್ತುಪಡಿಸಿದ ದಿನಾಂಕದಿಂದ ಅವಧಿ ಆರಂಭವಾಗುತ್ತದೆ. ಆದ್ದರಿಂದಲೇ ಒಂದೇ ದಿನ ಚುನಾವಣೆ ನಡೆದ ಎರಡು ಪಂಚಾಯಿತಿಗಳ ಅವಧಿ ಬೇರೆ ಬೇರೆ ದಿನ ಮುಗಿಯಬಹುದು.

ಆ ಅನುಚ್ಛೇದದ ಇಂಗ್ಲಿಷ್ ಪಾಠದಲ್ಲಿ ಈ ಅರ್ಥವನ್ನು ಹೊತ್ತು ನಿಂತಿರುವ ಪದ 'ಫ್ರಮ್'. ಅದೇ ವಾಕ್ಯದಲ್ಲಿ ಇನ್ನೂ ಮೂರು ಸಣ್ಣ ಪದಗಳಿವೆ. 'ಫಾರ್' ಎಂದರೆ ಇಷ್ಟು ವರ್ಷಗಳ ಕಾಲ. 'ಅನ್‌ಲೆಸ್' ಎಂದರೆ ಅದಕ್ಕೂ ಮೊದಲೇ ವಿಸರ್ಜನೆಯಾಗದ ಹೊರತು. 'ಅಂಡರ್' ಎಂದರೆ ಜಾರಿಯಲ್ಲಿರುವ ಕಾನೂನಿನ ಅಡಿಯಲ್ಲಿ. ಈ ನಾಲ್ಕು ಪದಗಳನ್ನು ತೆಗೆದರೆ ಆ ವಾಕ್ಯಕ್ಕೆ ಅರ್ಥವೇ ಉಳಿಯುವುದಿಲ್ಲ.

ನಮ್ಮ ಸಭೆ, ನಡವಳಿ, ಠರಾವುಗಳೆಲ್ಲ ಕನ್ನಡದಲ್ಲಿಯೇ ಇವೆ, ಇರತಕ್ಕದ್ದೂ ಹಾಗೆಯೇ. 1963ರ ರಾಜಭಾಷಾ ಅಧಿನಿಯಮದಂತೆ ಕನ್ನಡವೇ ರಾಜ್ಯದ ಆಡಳಿತ ಭಾಷೆ. ಆದರೂ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಪಂಚಾಯಿತಿಗಳಿಗೆ ಇಂಗ್ಲಿಷ್ ಕಾಗದಗಳು ಬರುವುದು ತಪ್ಪಿಲ್ಲ. ಕೇಂದ್ರ ಯೋಜನೆಗಳ ಮಾರ್ಗಸೂಚಿ, ಟೆಂಡರ್ ದಾಖಲೆ, ಕೈಗಾರಿಕೆಗಳ ಪತ್ರ, ಬಡಾವಣೆಗಳ ಹಸ್ತಾಂತರ ಕರಾರು, ನ್ಯಾಯಾಲಯದ ಆದೇಶ ಇವುಗಳಲ್ಲಿ ಹಲವು ಇಂಗ್ಲಿಷಿನಲ್ಲಿರುತ್ತವೆ. ಅವುಗಳನ್ನು ಓದುವಾಗ ದೊಡ್ಡ ಪದಗಳಿಗೆ ನಿಘಂಟು ನೋಡುತ್ತೇವೆ, ಸಣ್ಣ ಪದಗಳನ್ನು ಹಾಗೆಯೇ ದಾಟಿಬಿಡುತ್ತೇವೆ. ಆದರೆ ಯಾರು, ಯಾವಾಗ, ಯಾರ ಒಪ್ಪಿಗೆಯಿಂದ, ಎಷ್ಟರೊಳಗೆ ಕೆಲಸ ಮಾಡಬೇಕು ಎಂಬುದನ್ನು ನಿರ್ಣಯಿಸುವುದು ಸಣ್ಣ ಪದಗಳೇ. ಶಾಲೆಯಲ್ಲಿ ಪ್ರಿಪೊಸಿಷನ್, ಕಂಜಂಕ್ಷನ್, ಫ್ರೇಸಲ್ ವರ್ಬ್ ಎಂದು ಕಲಿಸುವ ಈ ಮೂರು ವರ್ಗದ ಪದಗಳನ್ನು ಪಂಚಾಯಿತಿಯ ಕೆಲಸದ ದೃಷ್ಟಿಯಿಂದ ಪರಿಚಯಿಸುವುದು ಈ ಪಾಠದ ಉದ್ದೇಶ.

2. ತಪ್ಪು ಆಗುವುದೇಕೆ?

ಇಂಗ್ಲಿಷಿನ ಪ್ರಿಪೊಸಿಷನ್ ನಾಮಪದಕ್ಕೆ ಮೊದಲು ಬರುತ್ತದೆ. ಕನ್ನಡದಲ್ಲಿ ಆ ಕೆಲಸವನ್ನು ಬಹುಮಟ್ಟಿಗೆ ನಾಮಪದದ ಕೊನೆಗೆ ಹತ್ತುವ ವಿಭಕ್ತಿ ಪ್ರತ್ಯಯಗಳು ಮಾಡುತ್ತವೆ. ಅನ್ನು, ಇಂದ, ಗೆ, ಅ, ಅಲ್ಲಿ ಮುಂತಾದ ಕೆಲವೇ ಪ್ರತ್ಯಯಗಳಿಂದ ನಮ್ಮ ವ್ಯವಹಾರವೆಲ್ಲ ನಡೆಯುತ್ತದೆ. ಇಂಗ್ಲಿಷಿನಲ್ಲಿ ಪ್ರಿಪೊಸಿಷನ್‌ಗಳ ಸಂಖ್ಯೆ ಇದಕ್ಕಿಂತ ಬಹಳ ಹೆಚ್ಚು. ಹೀಗಾಗಿ ನಮ್ಮ ಒಂದು ಪ್ರತ್ಯಯಕ್ಕೆ ಇಂಗ್ಲಿಷಿನಲ್ಲಿ ಮೂರು ನಾಲ್ಕು ಪದಗಳು ಎದುರಾಗುತ್ತವೆ.

'ಅಲ್ಲಿ' ಎಂಬ ಸಪ್ತಮಿಯನ್ನು ನೋಡೋಣ. 'ದೇವನಹಳ್ಳಿ ತಾಲ್ಲೂಕಿನಲ್ಲಿ' ಎಂಬುದಕ್ಕೆ 'ಇನ್', 'ಬಸ್ ನಿಲ್ದಾಣದಲ್ಲಿ ಕಾಯಿರಿ' ಎಂಬುದಕ್ಕೆ 'ಅಟ್', 'ರಸ್ತೆಯಲ್ಲಿ ಗುಂಡಿ ಬಿದ್ದಿದೆ' ಎಂಬುದಕ್ಕೆ 'ಆನ್' ಬೇಕು. 'ಇಂದ' ಎಂಬುದೂ ಹಾಗೆಯೇ. 'ನೆಲಮಂಗಲದಿಂದ' ಎಂದರೆ 'ಫ್ರಮ್', 'ಗುತ್ತಿಗೆದಾರರಿಂದ ನಿರ್ಮಿತವಾದ' ಎಂದರೆ 'ಬೈ', 'ಸೋಮವಾರದಿಂದ ನೀರು ಬಂದಿಲ್ಲ' ಎಂದರೆ 'ಸಿನ್ಸ್', 'ಎರಡು ವರ್ಷಗಳಿಂದ ಕಾಯುತ್ತಿದ್ದೇವೆ' ಎಂದರೆ 'ಫಾರ್'. ಕೊನೆಯ ಎರಡನ್ನು ವಿಶೇಷವಾಗಿ ಗಮನಿಸಬೇಕು. ಆರಂಭದ ಬಿಂದುವನ್ನು ಹೇಳಿದರೆ 'ಸಿನ್ಸ್'. ಕಾಲದ ಉದ್ದವನ್ನು ಹೇಳಿದರೆ 'ಫಾರ್'. ನಾವು 'ಸಿನ್ಸ್ ಟೂ ಇಯರ್ಸ್' ಎಂದು ಬರೆಯುವುದಕ್ಕೆ ಅಜ್ಞಾನ ಕಾರಣವಲ್ಲ. ಎರಡೂ ಕಡೆ ಕನ್ನಡದಲ್ಲಿ 'ಇಂದ' ಇರುವುದೇ ಕಾರಣ. ಕಾರಣ ತಿಳಿದರೆ ತಿದ್ದಿಕೊಳ್ಳುವುದು ಸುಲಭ.

3. ಕಾಲವನ್ನು ಕಟ್ಟುವ ಪದಗಳು

ಅರ್ಜಿ, ಆಕ್ಷೇಪಣೆ, ಮೇಲ್ಮನವಿ ಎಲ್ಲಕ್ಕೂ ಗಡುವು ಇರುತ್ತದೆ. ಗಡುವನ್ನು ತಪ್ಪಾಗಿ ಓದಿದರೆ ಹಕ್ಕೇ ಕೈತಪ್ಪಬಹುದು.

'ಫ್ರಮ್' ಎಂಬ ಪದದ ಲೆಕ್ಕವನ್ನು ಕಾನೂನೇ ಹೇಳಿದೆ. 1897ರ ಜನರಲ್ ಕ್ಲಾಸಸ್ ಕಾಯ್ದೆಯ 9ನೇ ಪ್ರಕರಣದ ಪ್ರಕಾರ, ಕೇಂದ್ರ ಕಾಯ್ದೆಗಳಲ್ಲಿ ಮೊದಲ ದಿನವನ್ನು ಲೆಕ್ಕದಿಂದ ಬಿಡಲು 'ಫ್ರಮ್' ಎಂಬ ಪದವೂ, ಕೊನೆಯ ದಿನವನ್ನು ಲೆಕ್ಕಕ್ಕೆ ಸೇರಿಸಲು 'ಟು' ಎಂಬ ಪದವೂ ಸಾಕು. ಮಾಹಿತಿ ಹಕ್ಕು ಕಾಯ್ದೆ, 2005ರ 19ನೇ ಪ್ರಕರಣದಂತೆ ಮೊದಲ ಮೇಲ್ಮನವಿಗೆ ಆದೇಶ ತಲುಪಿದಂದಿನಿಂದ 30 ದಿನಗಳ ಕಾಲಾವಕಾಶವಿದೆ. ಆದೇಶ ಜೂನ್ 1ರಂದು ಕೈಸೇರಿತು ಎಂದುಕೊಳ್ಳೋಣ. ಜೂನ್ 1ನ್ನು ಬಿಟ್ಟು 2ರಿಂದ ಎಣಿಸಬೇಕು; ಕೊನೆಯ ದಿನ ಜುಲೈ 1. ಅಂದು ಕಚೇರಿಗೆ ರಜೆಯಿದ್ದರೆ, ಅದೇ ಜನರಲ್ ಕ್ಲಾಸಸ್ ಕಾಯ್ದೆಯ 10ನೇ ಪ್ರಕರಣದಂತೆ ಕಚೇರಿ ತೆರೆಯುವ ಮುಂದಿನ ದಿನ ಸಲ್ಲಿಸಿದರೂ ಸಕಾಲದಲ್ಲಿಯೇ ಸಲ್ಲಿಸಿದಂತೆ. ಖಾಸಗಿ ಕರಾರುಗಳಿಗೆ ಈ ರಜೆಯ ವಿನಾಯಿತಿ ತಾನಾಗಿ ಅನ್ವಯಿಸುತ್ತದೆಂದು ಭಾವಿಸಬಾರದು. ಕರಾರಿನಲ್ಲಿಯೇ ಬರೆಸಿಕೊಳ್ಳುವುದು ಕ್ಷೇಮ.

'ಫ್ರಮ್' ಕಂಡ ಕೂಡಲೇ 'ಯಾವುದರಿಂದ' ಎಂದು ಕೇಳಿಕೊಳ್ಳಬೇಕು. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ, 1966ರ 28ನೇ ಪ್ರಕರಣದ ಅಡಿ ಭೂಸ್ವಾಧೀನದ ನೋಟಿಸು ಬಂದಾಗ ಕಾರಣ ತೋರಿಸಲು ಇರುವ 30 ದಿನಗಳು, ನೋಟಿಸಿನ ಮೇಲೆ ಅಚ್ಚಾಗಿರುವ ದಿನಾಂಕದಿಂದಲ್ಲ, ನೋಟಿಸು ಜಾರಿಯಾದ ದಿನಾಂಕದಿಂದ ಆರಂಭವಾಗುತ್ತವೆ. ಆದ್ದರಿಂದ ರೈತರು ಪಂಚಾಯಿತಿಗೆ ಬಂದು ವಿಚಾರಿಸಿದಾಗ, ಕಾಗದ ಎಂದು ಕೈಗೆ ಬಂತು ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಲು ತಿಳಿಸಬೇಕು. ಪಂಚಾಯಿತಿಗೆ ಬಂದ ಪತ್ರವಾದರೆ ಇನ್‌ವರ್ಡ್ ರಿಜಿಸ್ಟರ್‌ನಲ್ಲಿ ಅದೇ ದಿನ ನಮೂದಾಗಬೇಕು.

'ವಿಥಿನ್', 'ಬೈ', 'ಅನ್‌ಟಿಲ್' ಈ ಮೂರೂ ನಮಗೆ ಒಂದೇ ಎನಿಸುವುದುಂಟು. 'ವಿಥಿನ್ 30 ಡೇಸ್' ಎಂದರೆ ಮೂವತ್ತು ದಿನಗಳು ಮುಗಿಯುವುದರೊಳಗೆ ಯಾವ ದಿನವಾದರೂ ಸರಿ. 'ಬೈ 31 ಮಾರ್ಚ್' ಎಂದರೆ ಮಾರ್ಚ್ 31 ಮೀರದಂತೆ ಒಂದು ಕೆಲಸ ಮುಗಿದಿರಬೇಕು. 'ಅನ್‌ಟಿಲ್ 31 ಮಾರ್ಚ್' ಎಂದರೆ ಆ ದಿನದವರೆಗೂ ಕೆಲಸ ಎಡೆಬಿಡದೆ ನಡೆಯುತ್ತಿರಬೇಕು. ಚರಂಡಿ ಕಾಮಗಾರಿ ಪೂರ್ಣಗೊಳಿಸಲು 'ಬೈ', ಬೀದಿದೀಪಗಳ ನಿರ್ವಹಣೆಗೆ 'ಅನ್‌ಟಿಲ್'. ನಿರ್ವಹಣೆಯ ಕರಾರಿನಲ್ಲಿ 'ಅನ್‌ಟಿಲ್' ಇರಬೇಕಾದಲ್ಲಿ 'ಬೈ' ಇದ್ದರೆ, ಒಮ್ಮೆ ದುರಸ್ತಿ ಮಾಡಿ ಹೊಣೆ ಮುಗಿಯಿತೆಂದು ಹೇಳಲು ಎದುರು ಪಕ್ಷಕ್ಕೆ ದಾರಿಯಾಗುತ್ತದೆ.

4. ಅಧಿಕಾರವನ್ನು ಅಳೆಯುವ ಪದಗಳು

ಪಂಚಾಯಿತಿಗಳಿಗೆ ಅಧಿಕಾರ ಕೊಡುವ ಬಗ್ಗೆ ಹೇಳುವ 243ಜಿ ಅನುಚ್ಛೇದ ಆರಂಭವಾಗುವುದು 'ಸಬ್ಜೆಕ್ಟ್ ಟು' ಎಂಬ ಪದಗಳಿಂದ. ಇದರ ಅರ್ಥ 'ಒಳಪಟ್ಟು'. ಮುಂದೆ ಹೇಳುವ ಮಾತು ಸಂವಿಧಾನದ ಇತರ ಉಪಬಂಧಗಳಿಗೆ ತಲೆಬಾಗಿದೆ ಎಂದು ಇದು ಸೂಚಿಸುತ್ತದೆ. ಚುನಾವಣಾ ವಿಷಯಗಳಲ್ಲಿ ನ್ಯಾಯಾಲಯಗಳ ಮಧ್ಯಪ್ರವೇಶವನ್ನು ನಿರ್ಬಂಧಿಸುವ 243ಒ ಅನುಚ್ಛೇದ ಆರಂಭವಾಗುವುದು 'ನಾಟ್‌ವಿತ್‌ಸ್ಟ್ಯಾಂಡಿಂಗ್' ಎಂಬ ಪದದಿಂದ. ಇದರ ಅರ್ಥ 'ಏನೇ ಇದ್ದರೂ'. ಇಲ್ಲಿ ಮುಂದಿನ ಮಾತು ಇತರ ಉಪಬಂಧಗಳ ಮೇಲೆ ನಿಲ್ಲುತ್ತದೆ. ಯಾವುದೇ ಕಾಯ್ದೆ ಅಥವಾ ಕರಾರಿನಲ್ಲಿ ಈ ಎರಡು ಪದಗಳು ಕಂಡರೆ, ಯಾವ ಷರತ್ತು ಯಾವುದಕ್ಕೆ ಮಣಿಯುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳಬೇಕು.

ಇನ್ನೊಂದು ಜೋಡಿ ನಮ್ಮ ಜಿಲ್ಲೆಗೆ ಹೆಚ್ಚು ಹತ್ತಿರದ್ದು. 'ಇನ್ ಕನ್ಸಲ್ಟೇಷನ್ ವಿತ್' ಎಂದರೆ ಸಮಾಲೋಚಿಸಿ; 'ವಿತ್ ದಿ ಕನ್ಸೆಂಟ್ ಆಫ್' ಎಂದರೆ ಸಮ್ಮತಿ ಪಡೆದು. ಕೇಂದ್ರದ ಭೂಸ್ವಾಧೀನ ಕಾಯ್ದೆ, 2013ರ 4ನೇ ಪ್ರಕರಣದಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನವನ್ನು ಸಂಬಂಧಪಟ್ಟ ಪಂಚಾಯಿತಿಯೊಂದಿಗೆ ಸಮಾಲೋಚಿಸಿ ನಡೆಸಬೇಕೆಂದಿದೆ. ಅದೇ ಕಾಯ್ದೆಯ 2ನೇ ಪ್ರಕರಣದಲ್ಲಿ ಖಾಸಗಿ ಕಂಪನಿಗಳಿಗಾಗಿ ಸ್ವಾಧೀನವಾದರೆ ಬಾಧಿತ ಕುಟುಂಬಗಳ ಪೈಕಿ ಕನಿಷ್ಠ ಶೇ. 80ರಷ್ಟು, ಸರ್ಕಾರಿ-ಖಾಸಗಿ ಸಹಭಾಗಿತ್ವದ ಯೋಜನೆಯಾದರೆ ಕನಿಷ್ಠ ಶೇ. 70ರಷ್ಟು ಕುಟುಂಬಗಳ ಪೂರ್ವ ಸಮ್ಮತಿ ಬೇಕೆಂದಿದೆ. ಮೊದಲನೆಯದರಲ್ಲಿ ಪಂಚಾಯಿತಿಯ ಅಭಿಪ್ರಾಯ ಕೇಳಬೇಕು. ಎರಡನೆಯದರಲ್ಲಿ ಕುಟುಂಬಗಳು ಒಪ್ಪಬೇಕು. ಕೇಳುವುದು ಬೇರೆ, ಒಪ್ಪುವುದು ಬೇರೆ. ಪಂಚಾಯಿತಿಯ ಸಭೆಯಲ್ಲಿ ಚರ್ಚೆ ನಡೆದ ಮಾತ್ರಕ್ಕೆ ಸಮ್ಮತಿ ದೊರೆತಂತೆ ಯಾರಾದರೂ ಬರೆದುಕೊಂಡರೆ, ಅದನ್ನು ನಡವಳಿಯಲ್ಲಿಯೇ ತಿದ್ದಿಸುವುದು ಸದಸ್ಯರ ಹೊಣೆ.

5. ಜೋಡಿಸುವ ಪದಗಳು

ಎರಡು ಮಾತುಗಳನ್ನು ಜೋಡಿಸುವ ಪದಗಳನ್ನು ನಮ್ಮ ವ್ಯಾಕರಣದಲ್ಲಿ ಸಂಬಂಧಾರ್ಥಕಾವ್ಯಯಗಳೆಂದು ಕರೆಯುತ್ತೇವೆ. ಇಂಗ್ಲಿಷಿನಲ್ಲಿ ಇವು ಕಂಜಂಕ್ಷನ್‌ಗಳು. ಇವುಗಳಲ್ಲಿ 'ಆ್ಯಂಡ್' ಮತ್ತು 'ಆರ್' ಅತಿ ಸರಳವೆಂದು ಕಂಡರೂ ಹಣದ ವಿಷಯದಲ್ಲಿ ಅತಿ ಮುಖ್ಯ.

ಕಂಪನಿಗಳ ಕಾಯ್ದೆ, 2013ರ 135ನೇ ಪ್ರಕರಣವನ್ನು ನೋಡಿ. ಸಾಮಾಜಿಕ ಹೊಣೆಗಾರಿಕೆಯ ನಿಧಿ, ಅಂದರೆ ನಾವು ಸಿಎಸ್‌ಆರ್ ಎಂದು ಕರೆಯುವ ಹಣ, ಯಾವ ಕಂಪನಿಗೆ ಅನ್ವಯ ಎಂಬುದನ್ನು ಅದು ಮೂರು ಅಳತೆಗಳಿಂದ ಹೇಳುತ್ತದೆ: ನಿವ್ವಳ ಮೌಲ್ಯ 500 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು, ವಹಿವಾಟು 1,000 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು, ನಿವ್ವಳ ಲಾಭ 5 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು. ಈ ಮೂರರ ನಡುವೆ ಇರುವ ಪದ 'ಆರ್'. ಆದ್ದರಿಂದ ಮೂರರಲ್ಲಿ ಒಂದು ಇದ್ದರೂ ಕಂಪನಿ ಈ ಪ್ರಕರಣದ ವ್ಯಾಪ್ತಿಗೆ ಬರುತ್ತದೆ. ಅಲ್ಲಿ 'ಆ್ಯಂಡ್' ಇದ್ದಿದ್ದರೆ ಮೂರೂ ಒಟ್ಟಿಗೆ ಬೇಕಾಗುತ್ತಿತ್ತು. ಎಷ್ಟೋ ಕಂಪನಿಗಳು ಹೊರಗುಳಿಯುತ್ತಿದ್ದವು. ಹೀಗೆ ವ್ಯಾಪ್ತಿಗೆ ಬಂದ ಕಂಪನಿ ಹಿಂದಿನ ಮೂರು ಹಣಕಾಸು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ. 2ರಷ್ಟನ್ನು ವಿನಿಯೋಗಿಸಬೇಕು. ತಾನು ಕಾರ್ಯ ನಿರ್ವಹಿಸುವ ಸ್ಥಳೀಯ ಪ್ರದೇಶಕ್ಕೆ ಹಾಗೂ ಅದರ ಸುತ್ತಮುತ್ತಲಿಗೆ ಆದ್ಯತೆ ನೀಡಬೇಕೆಂದೂ ಅಲ್ಲಿ ಹೇಳಿದೆ. 'ಸುತ್ತಮುತ್ತ' ಎಂಬುದನ್ನು ಸೂಚಿಸುವ ಇಂಗ್ಲಿಷ್ ಪದ 'ಅರೌಂಡ್'. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ಹೊಸಕೋಟೆಯ ಕೈಗಾರಿಕಾ ಪ್ರದೇಶಗಳ ನೆರೆಯ ಪಂಚಾಯಿತಿಗಳು ಶಾಲೆ ಅಥವಾ ಆರೋಗ್ಯ ಉಪಕೇಂದ್ರಕ್ಕಾಗಿ ಮನವಿ ಬರೆಯುವಾಗ ಈ ಪದವನ್ನು ಆಧಾರವಾಗಿ ಕಾಣಿಸಬಹುದು. ಅದು ಆದ್ಯತೆಯೇ ಹೊರತು ಕಡ್ಡಾಯವಲ್ಲ ಎಂಬುದೂ ನೆನಪಿರಲಿ.

ಕೆಲವು ಕರಾರುಗಳಲ್ಲಿ 'ಆ್ಯಂಡ್' ಮತ್ತು 'ಆರ್' ಎರಡನ್ನೂ ನಡುವೆ ಗೆರೆ ಎಳೆದು ಒಟ್ಟಿಗೆ ಬರೆದಿರುತ್ತಾರೆ. 'ರಸ್ತೆ ಮತ್ತು/ಅಥವಾ ಚರಂಡಿ ನಿರ್ಮಿಸುವುದು' ಎಂದರೆ ರಸ್ತೆಯೊಂದನ್ನೇ ಮಾಡಿ ಕೈತೊಳೆದುಕೊಳ್ಳಲು ಅವಕಾಶವಿದೆ. ಎರಡೂ ಬೇಕಿದ್ದರೆ 'ಮತ್ತು' ಒಂದನ್ನೇ ಉಳಿಸಲು ಕೇಳಬೇಕು.

'ಅನ್‌ಲೆಸ್' ಎಂಬ ಪದದೊಳಗೆ ನಿಷೇಧ ಅಡಗಿದೆ. ಅದರ ಅರ್ಥ 'ಆಗದ ಹೊರತು'. ಆದ್ದರಿಂದ ಅದೇ ಉಪವಾಕ್ಯದಲ್ಲಿ ಮತ್ತೆ 'ನಾಟ್' ಸೇರಿಸಿದರೆ ಅರ್ಥ ತಲೆಕೆಳಗಾಗುತ್ತದೆ. 'ಪರಿಶೀಲನೆಯಾಗದ ಹೊರತು ಬಿಲ್ ಪಾವತಿ ಇಲ್ಲ' ಎನ್ನಲು 'ಅನ್‌ಲೆಸ್ ಇನ್‌ಸ್ಪೆಕ್ಟೆಡ್' ಸಾಕು. 'ಪ್ರೊವೈಡೆಡ್ ದಟ್' ಎಂದರೆ 'ಎಂಬ ಷರತ್ತಿಗೆ ಒಳಪಟ್ಟು'. ಮೊದಲ ಸಾಲಿನಲ್ಲಿ ಕೊಟ್ಟದ್ದನ್ನು ಎರಡನೆಯ ಸಾಲಿನಲ್ಲಿ ಕಡಿಮೆ ಮಾಡುವ ಪದ ಇದು. ಇದು ಕಂಡಲ್ಲಿ ಓದನ್ನು ನಿಲ್ಲಿಸಬಾರದು.

6. ಕ್ರಿಯಾಪದಕ್ಕೆ ಅಂಟಿದ ಪದಗಳು

ಕನ್ನಡದಲ್ಲಿ ಕೈಗೊಳ್ಳು, ಕೈಬಿಡು, ಕೈಕೊಡು, ಕೈಹಿಡಿ, ಕೈಮೀರು ಎಂಬ ಮಾತುಗಳಿವೆ. ಎಲ್ಲದರಲ್ಲಿಯೂ 'ಕೈ' ಇದೆ. ಆದರೆ ಕಾಮಗಾರಿ ಕೈಗೊಳ್ಳುವುದಕ್ಕೂ ಕೈಬಿಡುವುದಕ್ಕೂ ಇರುವ ಅಂತರ ಊರಿಗೆಲ್ಲ ಗೊತ್ತು. ಎರಡು ಪದ ಸೇರಿ ಮೂರನೆಯ ಅರ್ಥ ಹುಟ್ಟುವುದು ನಮಗೆ ಹೊಸದಲ್ಲ. ಇಂಗ್ಲಿಷಿನ ಫ್ರೇಸಲ್ ವರ್ಬ್‌ಗಳಲ್ಲಿಯೂ ಹೀಗೆಯೇ. ಅಲ್ಲಿ ಕ್ರಿಯಾಪದ ಮೊದಲು, ಸಣ್ಣ ಪದ ನಂತರ. ಬಿಡಿಬಿಡಿಯಾಗಿ ಅರ್ಥ ಮಾಡಿದರೆ ದಾರಿ ತಪ್ಪುತ್ತದೆ. ಜೋಡಿಯನ್ನೇ ಒಂದು ಪದವೆಂದು ತಿಳಿಯಬೇಕು.

'ಕ್ಯಾರಿ ಔಟ್' ಎಂದರೆ ಕಾರ್ಯಗತಗೊಳಿಸು. 'ಕ್ಯಾರಿ ಆನ್' ಎಂದರೆ ಮುಂದುವರಿಸು. 'ಕ್ಯಾರಿ ಫಾರ್ವರ್ಡ್' ಎಂದರೆ ಉಳಿಕೆ ಮೊತ್ತವನ್ನು ಮುಂದಿನ ಸಾಲಿಗೆ ಒಯ್ಯು. 'ಟೇಕ್ ಅಪ್' ಎಂದರೆ ಕೈಗೆತ್ತಿಕೊಳ್ಳು. 'ಟೇಕ್ ಓವರ್' ಎಂದರೆ ವಹಿಸಿಕೊಳ್ಳು. 'ಹ್ಯಾಂಡ್ ಓವರ್' ಎಂದರೆ ಹಸ್ತಾಂತರಿಸು. ಬಡಾವಣೆಯ ರಸ್ತೆ, ಉದ್ಯಾನ, ನೀರಿನ ಟ್ಯಾಂಕುಗಳ ವಿಷಯದಲ್ಲಿ ನಿರ್ಮಾಣಗಾರರು 'ಹ್ಯಾಂಡ್ ಓವರ್' ಮಾಡಿದೆವೆಂದು ಬರೆದರೂ, ಪಂಚಾಯಿತಿ 'ಟೇಕ್ ಓವರ್' ಮಾಡಿದ ದಾಖಲೆ ಇದೆಯೇ ಎಂದು ನೋಡಬೇಕು. ನಿರ್ವಹಣೆಯ ಖರ್ಚು ಯಾರದೆಂಬ ತಕರಾರು ಈ ಎರಡು ದಿನಾಂಕಗಳ ನಡುವೆಯೇ ಹುಟ್ಟುತ್ತದೆ.

'ಲುಕ್ ಇಂಟು' ಎಂದರೆ ಪರಿಶೀಲಿಸು; 'ಲುಕ್ ಆಫ್ಟರ್' ಎಂದರೆ ನೋಡಿಕೊಳ್ಳು, ನಿರ್ವಹಿಸು. ಕೊಳವೆಬಾವಿಯನ್ನು 'ಲುಕ್ ಇಂಟು' ಮಾಡುತ್ತೇವೆಂದು ಬರೆದುಕೊಟ್ಟವರು ದುರಸ್ತಿಯ ಹೊಣೆ ಹೊತ್ತಿಲ್ಲ; ಪರಿಶೀಲಿಸುವ ಭರವಸೆಯನ್ನಷ್ಟೇ ಕೊಟ್ಟಿದ್ದಾರೆ.

'ಸೆಟ್ ಅಸೈಡ್' ಎಂಬುದಕ್ಕೆ ಎರಡು ಅರ್ಥಗಳಿವೆ. ಆಯವ್ಯಯದಲ್ಲಿ ಬಂದರೆ ಹಣ ಮೀಸಲಿಡು; ನ್ಯಾಯಾಲಯದ ಆದೇಶದಲ್ಲಿ ಬಂದರೆ ಕೆಳಗಿನ ಆದೇಶವನ್ನು ರದ್ದುಪಡಿಸು. ಸಂದರ್ಭ ನೋಡದೆ ಅರ್ಥ ಹೇಳುವಂತಿಲ್ಲ.

'ಪುಟ್ ಆಫ್' ಎಂದರೆ ಮುಂದೂಡು. 'ಕಾಲ್ ಆಫ್' ಎಂದರೆ ಕೈಬಿಡು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳ 1,777 ಎಕರೆ ಭೂಸ್ವಾಧೀನ ಪ್ರಸ್ತಾವವನ್ನು ಕೈಬಿಡುವುದಾಗಿ 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಪ್ರಕಟಿಸಿದರು. ಆ ಹಳ್ಳಿಗಳ ರೈತರು ದೀರ್ಘ ಕಾಲ ಹೋರಾಡಿದ್ದು 'ಕೈಬಿಡು' ಎಂಬ ಆ ಒಂದು ಮಾತಿಗಾಗಿ. ಅದರ ಸ್ಥಾನದಲ್ಲಿ 'ಮುಂದೂಡು' ಎಂದಿದ್ದರೆ ಅದೇ ಆತಂಕ ಮುಂದುವರಿಯುತ್ತಿತ್ತು. ಇಂಗ್ಲಿಷಿನಲ್ಲಿ ಈ ಎರಡೂ ಮಾತುಗಳ ಕೊನೆಯಲ್ಲಿ ಇರುವುದು 'ಆಫ್' ಎಂಬ ಒಂದೇ ಪದ. ಕೊನೆಯ ಪದವನ್ನಷ್ಟೇ ಹಿಡಿದು ಅರ್ಥ ಮಾಡಬಾರದೆಂಬುದಕ್ಕೆ ಇದು ಸಾಕಷ್ಟು ನಿದರ್ಶನ.

7. ನಾವು ಬರೆಯುವಾಗ

ರಾಜ್ಯದ ಕಚೇರಿಗಳಿಗೆ ಕನ್ನಡದಲ್ಲಿಯೇ ಬರೆಯುತ್ತೇವೆ. ಹೊರ ಸಂಸ್ಥೆಗಳಿಗೆ ಇಂಗ್ಲಿಷಿನಲ್ಲಿ ಬರೆಯಬೇಕಾದಾಗ ಈ ಕೆಳಗಿನವುಗಳನ್ನು ಗಮನಿಸಬಹುದು.

ಅ) 'ಅವರಿಗೆ ತಿಳಿಸಿದೆವು' ಎಂಬ ಚತುರ್ಥಿಯ ಪ್ರಭಾವದಿಂದ 'ಇನ್‌ಫಾರ್ಮ್ ಟು' ಎಂದು ಬರೆಯುತ್ತೇವೆ. 'ಇನ್‌ಫಾರ್ಮ್' ನಂತರ 'ಟು' ಬೇಡ.

ಆ) 'ಬಗ್ಗೆ ಚರ್ಚಿಸಲಾಯಿತು' ಎಂಬುದರಿಂದ 'ಡಿಸ್ಕಸ್ ಅಬೌಟ್' ಬರುತ್ತದೆ. 'ಡಿಸ್ಕಸ್' ಒಂದೇ ಸಾಕು.

ಇ) 'ರಿಟರ್ನ್ ಬ್ಯಾಕ್' ಎಂಬಲ್ಲಿ 'ಬ್ಯಾಕ್' ಪುನರುಕ್ತಿ, 'ರಿಟರ್ನ್' ಎಂದರೇ ಹಿಂದಿರುಗಿಸು.

ಈ) 'ಅನುದಾನ ಬಂದಿದ್ದರೂ, ಆದರೆ' ಎಂದು ಕನ್ನಡದಲ್ಲಿಯೂ ಸರಿಯಲ್ಲ. ಇಂಗ್ಲಿಷಿನಲ್ಲಿ 'ಆಲ್ದೋ' ಬಂದರೆ 'ಬಟ್' ಬರಬಾರದು.

ಉ) ಅರ್ಜಿ ಯಾರಿಗೆ ಎಂಬುದಕ್ಕೆ 'ಅಪ್ಲೈ ಟು', ಯಾವುದಕ್ಕಾಗಿ ಎಂಬುದಕ್ಕೆ 'ಅಪ್ಲೈ ಫಾರ್'.

ಊ) ನಿಯಮ ಪಾಲಿಸು ಎನ್ನಲು 'ಕಂಪ್ಲೈ ವಿತ್', ಇಲ್ಲಿ 'ಟು' ಬಳಸಬಾರದು.

8. ಠರಾವಿಗೆ ಮುನ್ನ

ಇಂಗ್ಲಿಷ್ ಕಾಗದವೊಂದರ ಮೇಲೆ ಠರಾವು ಮಾಡುವ ಮೊದಲು ಅದನ್ನು ಸಭೆಯಲ್ಲಿ ಓದಿಸಿ. ಈ ಪಾಠದಲ್ಲಿ ಹೇಳಿದ ಪದಗಳು ಬಂದಲ್ಲೆಲ್ಲ ಪೆನ್ಸಿಲಿನಿಂದ ಅಡಿಗೆರೆ ಹಾಕಿ. ಪ್ರತಿಯೊಂದಕ್ಕೂ ಕನ್ನಡದಲ್ಲಿ ಖಚಿತ ಅರ್ಥವನ್ನು ಅಂಚಿನಲ್ಲಿ ಬರೆಯಿಸಿ. ದಿನಗಳ ಲೆಕ್ಕವಿದ್ದರೆ ಕೊನೆಯ ದಿನಾಂಕವನ್ನು ಅಂಕಿಯಲ್ಲಿ ಠರಾವಿನಲ್ಲಿಯೇ ನಮೂದಿಸಿ. ಅರ್ಥ ಸ್ಪಷ್ಟವಾಗದಿದ್ದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರನ್ನು ಕೇಳಿ. ಕಾಗದ ಕಳುಹಿಸಿದವರಿಂದ ಕನ್ನಡ ಪ್ರತಿಯನ್ನು ಕೋರಿ. ಅರ್ಥವಾಗಲಿಲ್ಲವೆಂದು ಸಭೆಯಲ್ಲಿ ಹೇಳುವುದರಲ್ಲಿ ಸಂಕೋಚ ಬೇಡ. ಅರ್ಥವಾಗದ ಕಾಗದಕ್ಕೆ ಹಾಕಿದ ಸಹಿಯ ಭಾರವನ್ನು ಊರೇ ಹೊರಬೇಕಾಗುತ್ತದೆ.

9. ಅಭ್ಯಾಸ

ಕೆಳಗಿನ ವಾಕ್ಯಗಳ ಅರ್ಥವನ್ನು ಅಥವಾ ತಿದ್ದುಪಡಿಯನ್ನು ಮುಂದಿನ ಸಭೆಗೆ ಮೊದಲು ಬರೆದುಕೊಂಡು, ಉತ್ತರಗಳೊಂದಿಗೆ ಹೋಲಿಸಿ ನೋಡಬಹುದು.

(1) 'ದಿ ಮೀಟಿಂಗ್ ಹ್ಯಾಸ್ ಬೀನ್ ಪುಟ್ ಆಫ್.'
(2) 'ದಿ ವರ್ಕ್ ಷಲ್ ಬಿ ಕಂಪ್ಲೀಟೆಡ್ ಬೈ 31 ಮಾರ್ಚ್.'
(3) 'ದಿ ಕಂಪನಿ ವಿಲ್ ಲುಕ್ ಆಫ್ಟರ್ ದಿ ಪಾರ್ಕ್ ಅನ್‌ಟಿಲ್ 31 ಮಾರ್ಚ್.'
(4) 'ದಿ ಆರ್ಡರ್ ಈಸ್ ಸೆಟ್ ಅಸೈಡ್.'
(5) 'ವಿ ಆರ್ ವೇಟಿಂಗ್ ಸಿನ್ಸ್ ಟೂ ಇಯರ್ಸ್.'

ಉತ್ತರಗಳು: (1) ಸಭೆಯನ್ನು ಮುಂದೂಡಲಾಗಿದೆ, ರದ್ದಾಗಿಲ್ಲ. (2) ಮಾರ್ಚ್ 31 ಮೀರದಂತೆ ಕಾಮಗಾರಿ ಮುಗಿದಿರಬೇಕು. (3) ಮಾರ್ಚ್ 31ರವರೆಗೂ ಉದ್ಯಾನದ ನಿರ್ವಹಣೆ ಕಂಪನಿಯದು. ಆ ನಂತರ ಯಾರದೆಂಬುದನ್ನು ಕೇಳಿ ಬರೆಸಿಕೊಳ್ಳಬೇಕು. (4) ಆದೇಶವನ್ನು ರದ್ದುಪಡಿಸಲಾಗಿದೆ. (5) 'ವಿ ಹ್ಯಾವ್ ಬೀನ್ ವೇಟಿಂಗ್ ಫಾರ್ ಟೂ ಇಯರ್ಸ್' ಎಂದಿರಬೇಕು.